ಬಾಲ್ಯದ ಸಂಕಷ್ಟ, ಬೆಳೆದವರ ವ್ಯಕ್ತಿತ್ವ

ಒಬ್ಬರ ಯೋಚನೆ, ಭಾವನೆ, ಇತರರೊಡನೆ ನಡೆದುಕೊಳ್ಳುವ ರೀತಿ ಹದಿಹರೆಯದಿಂದಲೇ ಒಂದು ಜಾಡು ಹಿಡಿದು, ವರ್ಷಗಟ್ಟಲೆ ಸಡಿಲದೆ, ಅವರಿಗೂ ಮನೆಯವರಿಗೂ ಸಂಕಟ ತರುತ್ತಿದ್ದರೆ ಅದನ್ನು ಮನೋವೈದ್ಯಶಾಸ್ತ್ರ ವ್ಯಕ್ತಿತ್ವ ದೋಷ ಎಂದು ಕರೆಯುತ್ತದೆ. ಇಂಥವರ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಅಲಕ್ಷ್ಯ, ಹೆತ್ತವರ ಕುಡಿತ ಅಥವಾ ಅಗಲಿಕೆ ಉಳಿದವರಿಗಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಈ ನಂಟು ಇದೆ ಎಂಬುದರಲ್ಲಿ ಈಗ ಅನುಮಾನವಿಲ್ಲ. ಅದರಲ್ಲಿ ಎಷ್ಟು ಪಾಲು ನೇರ ಕಾರಣ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಮೊದಲ ಗಟ್ಟಿ ಹೆಜ್ಜೆ ಲಂಡನ್ನಿನ ಜಾನ್ ಬೌಲ್ಬಿ ಅವರದು. ಕಳ್ಳತನ ಮಾಡಿ ಸಿಕ್ಕಿಬಿದ್ದ 44 ಮಕ್ಕಳ ಬಗ್ಗೆ 1944ರಲ್ಲಿ ಬರೆದ ಅವರು, ಯಾರ ಮೇಲೂ ಮಮತೆ ತೋರದ 14 ಮಕ್ಕಳನ್ನು ಬೇರೆಯಾಗಿ ಗುರುತಿಸಿದರು. ಅವರಲ್ಲಿ 12 ಮಕ್ಕಳು ಎಳವೆಯಲ್ಲೇ ತಾಯಿಯಿಂದ ದೀರ್ಘ ಕಾಲ ದೂರವಿದ್ದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಸಿದ್ಧಪಡಿಸಿದ ವರದಿ ಅನಾಥಾಲಯಗಳನ್ನು ನೋಡುವ ದೃಷ್ಟಿಯನ್ನೇ ಬದಲಿಸಿತು. ಆದರೂ ಮನೆಯೊಳಗಿನ ಹಿಂಸೆಯನ್ನು ವೈದ್ಯರು ಹೆಸರಿಟ್ಟು ಕರೆಯಲು 1962ರವರೆಗೆ ಕಾಯಬೇಕಾಯಿತು. ಮೂಳೆ ಮುರಿದು ಬರುವ ಪುಟ್ಟ ಮಕ್ಕಳೆಲ್ಲ ಬಿದ್ದು ಗಾಯಗೊಂಡವರಲ್ಲ, ಏಟು ತಿಂದವರೂ ಇರುತ್ತಾರೆ ಎಂದು ಅಮೆರಿಕದ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಆ ವರ್ಷ ತೋರಿಸಿಕೊಟ್ಟರು.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗವರ್ಗೀಕರಣದಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷಕ್ಕೆ ಜಾಗ ಕೊಟ್ಟ ಮೇಲೆ ಸಂಶೋಧನೆ ಬಿರುಸಾಯಿತು. ಕ್ಷಣದಲ್ಲಿ ಬದಲಾಗುವ ಭಾವನೆ, ಕೈಬಿಟ್ಟು ಹೋಗುತ್ತಾರೆಂಬ ತೀವ್ರ ಭಯ, ತನ್ನನ್ನೇ ಗಾಯಪಡಿಸಿಕೊಳ್ಳುವುದು ಇದರ ಲಕ್ಷಣಗಳು. ಜುಡಿತ್ ಹರ್ಮನ್ ತಂಡ 1989ರಲ್ಲಿ, ಮೇರಿ ಜನಾರಿನಿ ತಂಡ 1997ರಲ್ಲಿ ರೋಗಿಗಳ ಬಾಲ್ಯವನ್ನು ವಿಚಾರಿಸಿದವು. ಜನಾರಿನಿ ಮಾತನಾಡಿಸಿದ 358 ಬಾರ್ಡರ್‌ಲೈನ್ ರೋಗಿಗಳಲ್ಲಿ ಶೇ. 91ರಷ್ಟು ಮಂದಿ ದೌರ್ಜನ್ಯವನ್ನೂ ಶೇ. 92ರಷ್ಟು ಮಂದಿ ಅಲಕ್ಷ್ಯವನ್ನೂ ಹೇಳಿಕೊಂಡರು. 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಇಂಥ ರೋಗಿಗಳಲ್ಲಿ ಬಾಲ್ಯದ ಸಂಕಷ್ಟ ವರದಿಯಾಗುವ ಸಂಭವ ಆರೋಗ್ಯವಂತರಿಗಿಂತ ಸುಮಾರು 14 ಪಟ್ಟು ಹೆಚ್ಚು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇವೆಲ್ಲ ಬೆಳೆದ ಮೇಲೆ ನೆನಪಿನಿಂದ ಹೇಳಿದ ಮಾತುಗಳು, ಅದೂ ಆಸ್ಪತ್ರೆಗೆ ಬಂದವರ ಮಾತುಗಳು. ಬಾಲ್ಯದಲ್ಲೇ ದಾಖಲಾದ ದೌರ್ಜನ್ಯಕ್ಕೂ ಮುಂದೆ ಅದೇ ವ್ಯಕ್ತಿ ನೆನಪಿಸಿಕೊಳ್ಳುವುದಕ್ಕೂ ಹೊಂದಾಣಿಕೆ ಕಡಿಮೆ ಎಂದು 2019ರಲ್ಲಿ ಪ್ರಕಟವಾದ ಪರಿಶೀಲನೆ ತೋರಿಸಿತು: ದಾಖಲೆಯಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದೊಡ್ಡವರಾದ ಮೇಲೆ ಅದನ್ನು ಹೇಳಲಿಲ್ಲ. ರೋಗಿ ಸುಳ್ಳಾಡುತ್ತಾನೆ ಎಂದು ಇದರ ಅರ್ಥವಲ್ಲ. ಕೇಳುವ ಬಗೆ ಬದಲಾದರೆ ಬೇರೆಯೇ ಗುಂಪಿನ ಜನ ಲೆಕ್ಕಕ್ಕೆ ಸಿಗುತ್ತಾರೆ ಎಂದಷ್ಟೇ.

ಹಾಗಾಗಿ ಮಕ್ಕಳನ್ನು ಗುರುತಿಸಿ, ಅವರು ಬೆಳೆಯುವವರೆಗೂ ಹಿಂಬಾಲಿಸಿದ ಅಧ್ಯಯನಗಳಿಗೆ ಹೆಚ್ಚು ಬೆಲೆ. ಕ್ಯಾಥಿ ವಿಡಮ್ ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ದೌರ್ಜನ್ಯಕ್ಕೆ, ಅಲಕ್ಷ್ಯಕ್ಕೆ ಸಿಲುಕಿದ್ದ 908 ಮಕ್ಕಳನ್ನು ಆರಿಸಿ, ಅಂಥ ದಾಖಲೆಯಿಲ್ಲದ 667 ಮಕ್ಕಳೊಡನೆ ಹೋಲಿಸಿದರು. ನ್ಯೂಯಾರ್ಕ್ ರಾಜ್ಯದ 639 ಕುಟುಂಬಗಳನ್ನು ಗಮನಿಸಿದ ಜೆಫ್ರಿ ಜಾನ್ಸನ್ ತಂಡ 1999ರಲ್ಲಿ, ಇಂಥ ಮಕ್ಕಳಿಗೆ ಯೌವನದಲ್ಲಿ ವ್ಯಕ್ತಿತ್ವ ದೋಷ ಬರುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಎಂದಿತು. ನೆನಪಿನ ಅಧ್ಯಯನಗಳು ಕೊಟ್ಟ ಅಂಕಿಗಿಂತ ಇದು ಚಿಕ್ಕದು, ಆದರೆ ಹೆಚ್ಚು ನಂಬಬಹುದಾದದ್ದು. ಏಟು, ಬೈಗುಳಗಳಷ್ಟೇ ಹಾನಿಯನ್ನು ಅಲಕ್ಷ್ಯವೂ ಮಾಡಬಲ್ಲದು ಎಂಬುದು ಈ ಸಾಲಿನ ಅಧ್ಯಯನಗಳಿಂದ ದೊರೆತ ಮುಖ್ಯ ತಿಳಿವಳಿಕೆ. ಗಾಯದ ಗುರುತು ಬಿಡದ ಕಾರಣ ಅದು ಇಂದಿಗೂ ಎಲ್ಲರ ಕಣ್ಣು ತಪ್ಪಿಸುತ್ತದೆ.

ಒಂದೇ ಬಗೆಯ ಏಟು ತಿಂದ ಇಬ್ಬರಲ್ಲಿ ಒಬ್ಬರಷ್ಟೇ ಮುರಿದುಬೀಳುವುದೇಕೆ? ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿನಿಂದಲೇ ಗಮನಿಸಲಾದ ಗಂಡಸರಲ್ಲಿ, ಒಂದು ನಿರ್ದಿಷ್ಟ ಜೀನ್‌ನ ಬಗೆಯೂ ಬಾಲ್ಯದ ಹಿಂಸೆಯೂ ಸೇರಿದಾಗಲೇ ಸಮಾಜವಿರೋಧಿ ನಡವಳಿಕೆ ಹೆಚ್ಚುತ್ತದೆ ಎಂದು ಅವ್ಶಾಲೋಮ್ ಕಾಸ್ಪಿ ತಂಡ 2002ರಲ್ಲಿ ಹೇಳಿತು. ನಂತರದ ಪರೀಕ್ಷೆಗಳಲ್ಲಿ ಫಲಿತಾಂಶ ಏರುಪೇರಾಯಿತು. ಅವಳಿಗಳ ಅಧ್ಯಯನವೊಂದು, ನಂಟಿನ ಬಹುಪಾಲು ಹೆತ್ತವರೂ ಮಕ್ಕಳೂ ಹಂಚಿಕೊಂಡ ಅನುವಂಶೀಯತೆಯಿಂದ ಬಂದಿರಬಹುದು ಎಂದು 2013ರಲ್ಲಿ ವಾದಿಸಿತು. ಹುಟ್ಟಿನಿಂದಲೇ ಭಾವತೀವ್ರತೆಯಿರುವ ಮಗು, ಅದರ ನೋವನ್ನು ಸದಾ ಅಲ್ಲಗಳೆಯುವ ಮನೆ, ಇವೆರಡೂ ಕೂಡಿದಾಗ ತೊಂದರೆ ಬೇರೂರುತ್ತದೆ ಎಂಬ ಮಾರ್ಷಾ ಲಿನೆಹಾನ್ ಅವರ 1993ರ ವಿವರಣೆ ಚಿಕಿತ್ಸೆಗೆ ಹೆಚ್ಚು ಒದಗಿಬಂದಿದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ನೆಲೆ ಬೆಂಗಳೂರಿನ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಅದು ರೂಪುಗೊಂಡಿತು. ಮನಸ್ಸಿನ ವಿಚಾರವನ್ನು ಕನ್ನಡದ ಓದುಗರಿಗೆ ತಲುಪಿಸಿದವರಲ್ಲಿ ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಪ್ರಮುಖರು, ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿಗಳ ಸುಮಾರು ಎರಡು ಸಾವಿರ ಮಕ್ಕಳನ್ನು ಪರೀಕ್ಷಿಸಿದ ಶೋಭಾ ಶ್ರೀನಾಥ್ ತಂಡ, ನೂರಕ್ಕೆ ಸುಮಾರು 12 ಮಕ್ಕಳಿಗೆ ಮಾನಸಿಕ ತೊಂದರೆಯಿದೆ ಎಂದು 2005ರಲ್ಲಿ ವರದಿ ಮಾಡಿತು. ಮಕ್ಕಳನ್ನು ಹಿಂಬಾಲಿಸುವ ದೊಡ್ಡ ಪ್ರಯತ್ನ ಸಿ-ವೇದ ಯೋಜನೆಯದು. 6ರಿಂದ 23 ವರ್ಷದ ಸುಮಾರು ಹತ್ತು ಸಾವಿರ ಮಂದಿಯನ್ನು ದೇಶದ ಏಳು ಕೇಂದ್ರಗಳಲ್ಲಿ ಗಮನಿಸುವ ಗುರಿ ಇಟ್ಟುಕೊಂಡ ಈ ಯೋಜನೆಯಲ್ಲಿ ಬೆಂಗಳೂರು, ಮೈಸೂರುಗಳೂ ಇವೆ. ಮನೆಯ ಹಿಂಸೆ, ಹೆತ್ತವರ ಕುಡಿತದಂಥ ಅನುಭವಗಳನ್ನು ಅಲ್ಲಿ ಕೇಳಿ ಬರೆದುಕೊಳ್ಳಲಾಗುತ್ತದೆ. ಪಾಶ್ಚಾತ್ಯ ಅಂಕಿಗಳನ್ನು ಕಣ್ಣುಮುಚ್ಚಿ ನಮ್ಮ ಮನೆಗಳಿಗೆ ಅನ್ವಯಿಸುವುದಕ್ಕಿಂತ ಇದು ಮೇಲು. ಅಜ್ಜಿ, ಸೋದರಮಾವ, ದೊಡ್ಡಮ್ಮ ಒಂದೇ ಸೂರಿನಡಿ ಇರುವ ಮನೆಯಲ್ಲಿ ಮಗುವಿಗೆ ಆಸರೆಯೂ ಅಪಾಯವೂ ಬೇರೆ ಬೇರೆ ಕಡೆಯಿಂದ ಬರಬಹುದು.

ಕಾನೂನಿನಲ್ಲಿ 2012ರ ಪೋಕ್ಸೊ ಕಾಯ್ದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುವ ‘ಸಂವಾದ್’ 2020ರಲ್ಲಿ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು. ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ಸಂಸ್ಥೆ ಸಮುದಾಯ ಮಟ್ಟದ ಚಿಕಿತ್ಸಾ ಕಾರ್ಯಕ್ರಮವನ್ನು ನಡೆಸಿದೆ, ಆದರೆ ಅದರ ಗಮನ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗಳ ಮೇಲೆ. ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಸಿಗುವಂತಾಯಿತು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳವರಿಗೆ ಹತ್ತಿರದ ಬಾಗಿಲು ಇಂಥದ್ದೇ.

ಆದರೆ ವ್ಯಕ್ತಿತ್ವದ ತೊಂದರೆ ಇರುವವರು ಆ ಹೆಸರಿನಲ್ಲಿ ಆಸ್ಪತ್ರೆಗೆ ಬರುವುದು ಅಪರೂಪ. ಮನೆಯವರ ಬಾಯಲ್ಲಿ ಅದು ‘ಹಟಮಾರಿ’, ‘ಮೊದಲಿಂದಲೂ ಹಾಗೇ’. ಆಸ್ಪತ್ರೆ ಕಾಣುವುದು ವಿಷ ಕುಡಿದಾಗಲೋ ಕುಡಿತ ಮಿತಿ ಮೀರಿದಾಗಲೋ. ಆಗಲಾದರೂ ಬಾಲ್ಯದ ಬಗ್ಗೆ ಒಂದು ಪ್ರಶ್ನೆ ಕೇಳುವುದು ಚಿಕಿತ್ಸೆಯ ಭಾಗವಾಗಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣ, ವ್ಯಕ್ತಿತ್ವ ದೋಷವನ್ನು ತೀವ್ರತೆಯ ಮಟ್ಟದಿಂದ ಅಳೆಯುತ್ತದೆ. ದೀರ್ಘ ಹಿಂಸೆಯ ಪರಿಣಾಮವಾದ ಸಂಕೀರ್ಣ ಆಘಾತೋತ್ತರ ಒತ್ತಡವನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ಲಿನೆಹಾನ್ ರೂಪಿಸಿದ ಚಿಕಿತ್ಸೆಯಂಥವು ತನ್ನನ್ನೇ ಗಾಯಪಡಿಸಿಕೊಳ್ಳುವುದನ್ನು ತಗ್ಗಿಸುತ್ತವೆ. ಜನಾರಿನಿ ತಂಡ ಹತ್ತು ವರ್ಷ ಗಮನಿಸಿದ ಬಾರ್ಡರ್‌ಲೈನ್ ರೋಗಿಗಳಲ್ಲಿ ಶೇ. 93ರಷ್ಟು ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಹತೋಟಿಯಲ್ಲಿದ್ದವು. ಕೆಲಸ, ಸಂಬಂಧಗಳೂ ಸೇರಿ ಪೂರ್ತಿ ಚೇತರಿಸಿಕೊಂಡವರು ಸುಮಾರು ಅರ್ಧದಷ್ಟು.