ಕಿಟಕಿಯಲ್ಲಿ ನಿಂತು ಹಾಡಿದ ಊರು

2020ರ ಮಾರ್ಚ್ ತಿಂಗಳಲ್ಲಿ ಇಟಲಿಯ ಜನ ಬಾಲ್ಕನಿಗೆ ಬಂದು ಹಾಡುತ್ತಿದ್ದ ವಿಡಿಯೋಗಳು ನಿಮ್ಮ ವಾಟ್ಸಾಪಿಗೂ ಬಂದಿರುತ್ತವೆ. ನನಗಂತೂ ದಿನಕ್ಕೆ ನಾಲ್ಕು ಸಲ ಬರ್ತಿತ್ತು. ಜೊತೆಗೆ, ಜಗತ್ತು ಹಿಂದೆಂದೂ ಕಾಣದ ದೃಶ್ಯ ಅಂತ ಒಂದು ಒಕ್ಕಣೆ. ಜಗತ್ತು ಕಂಡಿತ್ತು ಸ್ವಾಮಿ! ಅದೇ ಇಟಲಿಯಲ್ಲಿ, 444 ವರ್ಷಗಳ ಹಿಂದೆ. ಅದೂ ಹೊತ್ತು ಗೊತ್ತುಮಾಡಿ, ಗಂಟೆ ಬಾರಿಸಿ, ಪುಸ್ತಕ ಅಚ್ಚು ಹಾಕಿಸಿ ಒಬ್ಬ ಮನುಷ್ಯ ಇಡೀ ಊರನ್ನೇ ಹಾಡಿಸಿದ್ದ.

1576ರ ಆಗಸ್ಟ್‌ನಲ್ಲಿ ಮಿಲಾನ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಆಗ ಅದು ಸ್ಪೇನಿನ ದೊರೆಯ ಕೈಕೆಳಗಿನ ಊರು. ಗವರ್ನರ್ ಊರು ಬಿಟ್ಟ, ಉಳ್ಳವರೂ ಗಂಟುಮೂಟೆ ಕಟ್ಟಿದರು. ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಮಾತ್ರ ಅಲ್ಲೇ ನಿಂತ. ಅಕ್ಟೋಬರಿನಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು ಬರಿಗಾಲಲ್ಲಿ ಮೆರವಣಿಗೆ ಹೊರಟ, ಹಾಡುತ್ತಾ, ಹಾಡಿಸುತ್ತಾ. ಜನ ಸೇರಿದರೆ ರೋಗ ಹಬ್ಬುತ್ತೆ ಅಂತ ನಗರದ ಆರೋಗ್ಯಾಧಿಕಾರಿಗಳು ಅಡ್ಡ ಬಂದರು. ಸೋಂಕಿನ ಶಂಕೆ ಇದ್ದವರನ್ನು ಬಿಟ್ಟು, ಸಾಲುಗಳ ನಡುವೆ ಅಂತರ ಇಟ್ಟು ಅವನು ಮೆರವಣಿಗೆ ನಡೆಸಿಯೇ ಬಿಟ್ಟ. ಈ ಜಗಳದಲ್ಲಿ ನಾನು ಅಧಿಕಾರಿಗಳ ಕಡೆ. ರೋಗಾಣು ಅನ್ನೋದು ಗೊತ್ತಿಲ್ಲದ ಕಾಲದಲ್ಲೂ ಅವರ ಲೆಕ್ಕ ಸರಿಯಾಗಿತ್ತು.

ಅಕ್ಟೋಬರ್ ಕೊನೆಗೆ ಊರಿಗೆ ಊರೇ ಮನೆಯೊಳಗಿರಬೇಕು ಅಂತ ಆಜ್ಞೆಯಾಯಿತು. ನನಗೆ ಬೊರೊಮಿಯೊ ಇಷ್ಟವಾಗೋದು ಇಲ್ಲಿಂದ ಮುಂದಕ್ಕೆ. ಚರ್ಚಿಗೆ ಬರಬೇಡಿ, ಬೀದಿಗೂ ಇಳಿಯಬೇಡಿ, ನಿಮ್ಮ ಬಾಗಿಲಲ್ಲೋ ಕಿಟಕಿಯಲ್ಲೋ ನಿಂತು ಹಾಡಿ ಅಂದ. ದಿನಕ್ಕೆ ಏಳು ಸಲ ಗಂಟೆ ಹೊಡೆಯುತ್ತಿತ್ತು. ಏನು ಹಾಡಬೇಕು ಅನ್ನೋದಕ್ಕೆ ಸಣ್ಣ ಪುಸ್ತಕ ಹಂಚಿದ್ದರು. ಬೀದಿಗಳು ಕೂಡುವ ಕಡೆ ಬಲಿಪೀಠ ಕಟ್ಟಿಸಿ, ಬಲಿಪೂಜೆ ಮನೆಯ ಕಿಟಕಿಯಿಂದಲೇ ಕಾಣುವ ಹಾಗೆ ಮಾಡಿದ. ಆಗ ಅಲ್ಲಿದ್ದ ಪಾವೊಲೊ ಬಿಶೊಲಾ ಎಂಬ ಜೆಸ್ವಿಟ್ ಪಾದ್ರಿ ಇದನ್ನೆಲ್ಲ ಬರೆದಿಟ್ಟ. ಅವನ ಬರಹ 1577ರಲ್ಲೇ ಅಚ್ಚಾಯಿತು.

ಹಾಡಿಸಿದ್ದು ಎಂಥದ್ದನ್ನು ನೋಡಿ. ಹೆಚ್ಚಾಗಿ ಲಿಟನಿ. ಒಬ್ಬರು ಒಬ್ಬ ಸಂತನ ಹೆಸರು ಕೂಗಬೇಕು, ಉಳಿದವರು ನಮಗಾಗಿ ಬೇಡಿಕೋ ಅಂತ ಸೊಲ್ಲು ಕೊಡಬೇಕು. ಮತ್ತೊಂದು ಹೆಸರು, ಮತ್ತದೇ ಸೊಲ್ಲು. ನಮ್ಮ ಸೋಬಾನೆಯಲ್ಲಿ ಒಬ್ಬಾಕೆ ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುತ್ತಾರಲ್ಲ, ಹಾಗೆ. ಈ ಜಾತಿಯ ಹಾಡಿಗೆ ದೂರ ಅಡ್ಡಿಯಾಗಲ್ಲ. ಎದುರು ಮನೆಯ ದನಿ ಒಂದು ಕ್ಷಣ ತಡವಾಗಿ ಬಂದರೂ ಏನೂ ಕೆಡಲ್ಲ. ಅದೇ ಮಿಲಾನಿನ ಕ್ಯಾಥೆಡ್ರಲ್‌ನ ಪಳಗಿದ ಗಾಯಕರು ಹಾಡುತ್ತಿದ್ದ, ನಾಲ್ಕೈದು ದನಿಗಳನ್ನು ಹೆಣೆದ ಸಂಗೀತವನ್ನು ಬೀದಿಗೊಂದು ದನಿಯಂತೆ ಹಂಚಿದ್ದರೆ ಗದ್ದಲವಾಗುತ್ತಿತ್ತು.

ಈ ತಡದ ಮಹತ್ವ ನನಗೆ ತಿಳಿದದ್ದು 2020ರಲ್ಲಿ. ಮೈಸೂರಲ್ಲಿ ನಾನು ಒಂದು ಸಣ್ಣ ಹಾಡುಗಾರರ ತಂಡ ನಡೆಸ್ತೀನಿ. ಹದಿನೆಂಟು ಜನ, ಅರವತ್ತು ದಾಟಿದವರೇ ಹೆಚ್ಚು. ಜೂಮಿನಲ್ಲಿ ಒಟ್ಟಿಗೆ ಹಾಡೋಣ ಅಂತ ಕೂತರೆ, ಒಬ್ಬರು ಪಲ್ಲವಿ ಮುಗಿಸುವಾಗ ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಿದ್ದರು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತೆ. ಹತ್ತು ಮೀಟರ್ ಆಚೆ ನಿಂತವರ ದನಿ ನಮಗೆ ಮುಟ್ಟೋದು ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ತಡವಾಗಿ. ಅಷ್ಟನ್ನು ಕಿವಿ ಸಹಿಸಿಕೊಳ್ಳುತ್ತೆ. ಜೂಮಿನ ತಡ ಅದರ ಎಷ್ಟೋ ಪಟ್ಟು. ಅದು ಮಾತಾಡುವವರಿಗೆ ಗೊತ್ತಾಗಲ್ಲ, ಹಾಡುವವರನ್ನು ಮಾತ್ರ ಕೊಂದುಹಾಕುತ್ತೆ. ಅವರು ಬರಲಿ ಅಂತ ಇವರು, ಇವರು ಬರಲಿ ಅಂತ ಅವರು ಕಾಯುತ್ತಾ ಲಯ ಕುಂಟುತ್ತಾ ಹೋಗುತ್ತೆ.

ಹಾಗಂತ ಮುಖಾಮುಖಿ ಸೇರುವ ಹಾಗೂ ಇರಲಿಲ್ಲ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ವ್ಯಾಲಿ ಎಂಬಲ್ಲಿ ಒಂದು ಗಾಯನವೃಂದ ಎರಡೂವರೆ ಗಂಟೆ ಅಭ್ಯಾಸಕ್ಕೆ ಸೇರಿತ್ತು. ಆಗಿನ್ನೂ ಅಲ್ಲಿ ಶಾಲೆಗಳು ಮುಚ್ಚಿರಲಿಲ್ಲ, ಜನ ಸೇರಬಾರದು ಅಂತ ಆಜ್ಞೆಯೂ ಬಂದಿರಲಿಲ್ಲ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು, ಅಪ್ಪಿಕೊಳ್ಳೋದನ್ನು ಬಿಟ್ಟಿದ್ದರು. ಬಂದವರು 61 ಜನ, ಕಾಯಿಲೆ ಬಿದ್ದವರು 53. ಇಬ್ಬರು ತೀರಿಕೊಂಡರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವರದಿ ಮೇ ತಿಂಗಳಲ್ಲಿ ಬಂತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ ‘ಪ್ರಾಕ್ಟೀಸ್ ಯಾವಾಗಮ್ಮಾ?’ ಅಂತ ಕೇಳುವ ಎಪ್ಪತ್ತೆರಡರ ಹಿರಿಯರು ನಮ್ಮಲ್ಲೂ ಇದ್ದರು. ಒಂಟಿಯಾಗಿದ್ದ ಅವರಿಗೆ ವಾರದಲ್ಲಿ ನಾಲ್ಕು ಮುಖ ಕಾಣುತ್ತಿದ್ದದ್ದೇ ಆ ದಿನ. ಬೇಡ ಅನ್ನೋದು ಸುಲಭದ ಮಾತಾಗಿರಲಿಲ್ಲ.

ದೊಡ್ಡ ಹೆಸರಿನವರು ಬೇರೆ ದಾರಿ ಹಿಡಿದರು. ಎರಿಕ್ ವಿಟೇಕರ್ ಎಂಬ ಅಮೆರಿಕದ ಸಂಗೀತಗಾರ 2010ರಲ್ಲೇ ‘ವರ್ಚುಯಲ್ ಕ್ವಾಯರ್’ ಮಾಡಿದ್ದ. ಒಬ್ಬೊಬ್ಬರೂ ಅವರವರ ಮನೆಯಲ್ಲಿ ಹಾಡಿ ಕಳಿಸಿದ ವಿಡಿಯೋಗಳನ್ನು ಜೋಡಿಸುವ ಕೆಲಸ. ಮೊದಲ ಸಲ 185 ಜನರಿದ್ದರು, 2020ರ ಜುಲೈನಲ್ಲಿ 129 ದೇಶಗಳ 17,572 ಜನ. ಕೇಳೋಕೆ ಚೆಂದ, ಅನುಮಾನವಿಲ್ಲ. ಆದರೆ ಅಲ್ಲಿ ಹಾಡುವಾಗ ಯಾರಿಗೂ ಪಕ್ಕದವರ ದನಿ ಕೇಳಿರಲ್ಲ. ಹಾಡಿಸುವವನ ಕೆಲಸ ಎಡಿಟಿಂಗ್ ಮೇಜಿಗೆ ಹೋಗಿರುತ್ತೆ.

ನನಗೆ ಹಿಡಿಸಿದ್ದು ಕಾರಿನ ಉಪಾಯ. ವರ್ಜೀನಿಯಾದ ಗಾಯಕ, ಅಧ್ಯಾಪಕ ಡೇವಿಡ್ ನ್ಯೂಮನ್ ಎಲ್ಲರನ್ನೂ ಅವರವರ ಕಾರಿನಲ್ಲೇ ಕೂರಿಸಿದ. ಪ್ರತಿ ಕಾರಿಗೂ ಒಂದು ಮೈಕು, ಎಲ್ಲ ದನಿಗಳೂ ಒಂದು ಮಿಕ್ಸರಿಗೆ, ಅಲ್ಲಿಂದ ಎಫ್ಎಂ ಮೂಲಕ ವಾಪಸ್ ಕಾರಿನ ರೇಡಿಯೋಗೆ. ರೇಡಿಯೋ ಅಲೆಗೆ ಅಷ್ಟು ಹತ್ತಿರದಲ್ಲಿ ತಡ ಅನ್ನೋದೇ ಇಲ್ಲ. ಗಾಜು ಏರಿಸಿಕೊಂಡ ಕಾರಿನಲ್ಲಿ ನಾಲ್ಕು ದನಿಯ ಹಾಡು ಸರಿಯಾಗಿ ಕೂಡಿಕೊಂಡಿತು. ಹಳೇ ಕಾಲದ ಸಾಮಾನು ಎಷ್ಟು ಕೆಲಸಕ್ಕೆ ಬಂತು ನೋಡಿ!

ನಮ್ಮ ತಂಡದಲ್ಲಿ ಕಾರಿದ್ದವರು ಮೂವರು. ಹಾಗಾಗಿ ನಾವು ಬೊರೊಮಿಯೊನ ಶಿಷ್ಯರಾದೆವು. ಒಂದೇ ರಸ್ತೆಯಲ್ಲಿದ್ದ ಐದು ಮನೆಯವರು ಸಂಜೆ ಆರಕ್ಕೆ ತಾರಸಿ ಹತ್ತಿದೆವು. ಹೆಣೆದು ಹಾಡುವ ಹಾಡುಗಳನ್ನೆಲ್ಲ ಬದಿಗಿಟ್ಟು, ನಾನು ಎತ್ತಿಕೊಡೋದು, ಅವರು ಸೊಲ್ಲು ಹಿಡಿಯೋದು. ಎಪ್ಪತ್ತೆರಡರ ಹಿರಿಯರ ಮನೆ ಆ ರಸ್ತೆಯಲ್ಲಿರಲಿಲ್ಲ. ಅವರಿಗೆ ಫೋನ್ ಹಚ್ಚಿ ಕಟ್ಟೆಯ ಮೇಲೆ ಇಡುತ್ತಿದ್ದೆ. ತಡವಾಗಿಯೇ ಬರುತ್ತಿತ್ತು ಅವರ ದನಿ, ಎಲ್ಲರ ಸೊಲ್ಲು ಮುಗಿದ ಮೇಲೆ. ಅವರದು ಬರುವವರೆಗೆ ಮುಂದಿನ ಸಾಲು ಎತ್ತಬಾರದು ಅಂತ ನಮ್ಮಲ್ಲೇ ಒಂದು ಕಟ್ಟಳೆಯಾಯಿತು.

ಮಿಲಾನಿನಲ್ಲಿ ಆ ಪ್ಲೇಗಿಗೆ ಸತ್ತವರು ಸುಮಾರು 17,000 ಜನ. ಹಾಡು ಯಾರನ್ನೂ ಉಳಿಸಲಿಲ್ಲ. ಕಿಟಕಿಯಲ್ಲಿ ನಿಂತು ಹಾಡಿದ್ದರಿಂದ ಒಬ್ಬರಿಂದೊಬ್ಬರಿಗೆ ರೋಗ ಹರಡಲಿಲ್ಲ ಅನ್ನೋದೂ ಅಷ್ಟೇ ನಿಜ. 1578ರ ಜನವರಿಯಲ್ಲಿ ಊರು ರೋಗಮುಕ್ತ ಅಂತ ಸಾರಿದರು. ಬೀದಿ ಕೂಡುವ ಜಾಗಗಳಲ್ಲಿ ಶಿಲುಬೆ ಹೊತ್ತ ಕಂಬಗಳು ಎದ್ದವು. ಅವುಗಳಲ್ಲಿ ಕೆಲವು ಇವತ್ತಿಗೂ ಟ್ರಾಫಿಕ್ ನಡುವೆ ನಿಂತಿವೆ.