ಕಲಾಯಿಯ ಕಸಬು: ಅದರ ಹರವೂ ಇಳಿಗಾಲವೂ

ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಹುಳಿಯನ್ನಿಟ್ಟರೆ ಕಿಲುಬೇಳುವುದೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಆ ಕಿಲುಬು ವಿಷವಾದುದರಿಂದ ಪಾತ್ರೆಯ ಒಳಮೈಗೆ ತವರವನ್ನು ಲೇಪಿಸುವ ವಿದ್ಯೆಯು ಬಹು ಹಿಂದೆಯೇ ಹುಟ್ಟಿತು. ಇಂತಹ ಲೇಪದಿಂದ ರುಚಿಯು ಹೆಚ್ಚುವುದೆಂದೂ ಕಿಲುಬಿನ ವಿಷವು ಅಡಗುವುದೆಂದೂ ಕ್ರಿ.ಶ. 1ನೆಯ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಬರೆದಿರುವನು. ಅಕ್ಬರನ ಪಾಕಶಾಲೆಯಲ್ಲಿ ಚಕ್ರವರ್ತಿಯ ತಾಮ್ರಪಾತ್ರೆಗಳಿಗೆ ತಿಂಗಳಿಗೆ 2 ಸಲವೂ, ರಾಜಕುಮಾರರ ಪಾತ್ರೆಗಳಿಗೆ 1 ಸಲವೂ ಕಲಾಯಿಯಾಗುತ್ತಿದ್ದಿತೆಂದು ‘ಐನ್-ಇ-ಅಕ್ಬರಿ’ಯಿಂದ ತಿಳಿಯುತ್ತದೆ. ಕಲಾಯಿ ಎಂಬ ಹೆಸರೂ ತವರವೆಂಬ ಅರ್ಥದ ಅರಬ್ಬಿ ಶಬ್ದದಿಂದಲೇ ಬಂದುದು.

ಈ ಕಸಬಿನ ಉಪಕರಣಗಳು ಸ್ವಲ್ಪವೇ. ನೆಲದಲ್ಲೊಂದು ಕುಳಿ, ತಿದಿ, ಇದ್ದಿಲು, ಇಕ್ಕಳ, ಹಿಡಿಯಷ್ಟು ಅರಳೆ, ನವಸಾಗರ, ತವರದ ಕಡ್ಡಿ: ಇಷ್ಟಿದ್ದರೆ ಸಾಕು. ತಾಮ್ರವು ಕರಗಲು 1085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ತವರಕ್ಕೆ 232 ಡಿಗ್ರಿಯೇ ಸಾಕು. ಆದಕಾರಣ ಪಾತ್ರೆಗೆ ಕೇಡಾಗದಂತೆ ತವರವನ್ನು ಅದರ ಮೇಲೆಯೇ ಕರಗಿಸಬಹುದು. ನವಸಾಗರವು ಲೋಹದ ಮೇಲಣ ಕೊಳೆಯನ್ನು ಕಳೆಯುತ್ತದೆ. ಕರಗಿದ ತವರವು ಅರಳೆಯ ಒಂದೇ ತೀಡಿಗೆ ಬೆಳ್ಳಿಯಂತೆ ಹರಡಿಕೊಳ್ಳುತ್ತದೆ. ಲೇಪವು ಬಹಳ ತೆಳುವಾದುದರಿಂದ ಕೆಲವು ತಿಂಗಳಲ್ಲಿಯೇ ಸವೆಯುವುದು. ಈ ಸವೆತವೇ ಕಸಬುದಾರನ ಜೀವನಾಧಾರವಾಗಿದ್ದಿತು. ಕಾರ್ಖಾನೆಯಾಗಲಿ ಹೊಗೆಗೊಳವೆಯಾಗಲಿ ಇಲ್ಲದ ಈ ಉದ್ಯಮದ ಹರವನ್ನು, ತಾಮ್ರ ಹಿತ್ತಾಳೆಗಳಲ್ಲಿ ಅಡಿಗೆಯಾಗುತ್ತಿದ್ದ ಮನೆಗಳ ಎಣಿಕೆಯಿಂದಲೇ ಅಳೆಯಬೇಕು.

1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಡೈರೆಕ್ಟರರಾದವರೂ ಇವರೇ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ಸಿದ್ಧಪಡಿಸಿದನು. ಇಂತಹ ಉಕ್ಕಿನ ತಗಡು 1980ರ ದಶಕದಿಂದ ಸೇಲಂನ ಸರಕಾರೀ ಕಾರ್ಖಾನೆಯಲ್ಲಿಯೂ ತಯಾರಾಗತೊಡಗಿತು. ಈ ಎರಡು ಬಗೆಯ ಪಾತ್ರೆಗಳಿಗೂ ಕಲಾಯಿ ಬೇಕಿಲ್ಲ, ತೂಕವೂ ಕಡಮೆ. ಅವು ಅಡಿಗೆಮನೆಯನ್ನು ತುಂಬುತ್ತ ಬಂದಂತೆ ತಾಮ್ರದ ಹಂಡೆ ತಪ್ಪಲೆಗಳು ಅಟ್ಟವನ್ನೇರಿದುವು.

ಕೈಮಗ್ಗವು ಯಂತ್ರದ ಮಗ್ಗಕ್ಕೆ ಸೋತಿತು. ಎರಡೂ ನೇಯುವುದು ಬಟ್ಟೆಯನ್ನೇ. ಕಲಾಯಿಯ ಪಾಡು ಬೇರೆ. ಅದಕ್ಕಿಂತ ಮೇಲಾದ ಕಲಾಯಿಯೊಂದು ಬಂದು ಅದನ್ನು ಸೋಲಿಸಲಿಲ್ಲ. ಕಲಾಯಿಯ ಅಗತ್ಯವೇ ಇಲ್ಲವಾಯಿತು. ಗೃಹಿಣಿಗೆ ಕಿಲುಬಿನ ಭಯ ತಪ್ಪಿದುದು ನಿಜವಾದ ಲಾಭ. ಆದರೆ ಆ ಲಾಭದ ಬೆಲೆಯನ್ನು ತೆತ್ತವನು ತಿದಿಯೂದುತ್ತಿದ್ದವನು. ಬಟ್ಟೆಯ ಗಿರಣಿಯು ಮುಚ್ಚಿದರೆ ಊರಿಗೆಲ್ಲ ತಿಳಿಯುತ್ತದೆ. ಇವನು ಬರುವುದು ನಿಂತುದನ್ನು ಬೀದಿಯೂ ತಡವಾಗಿಯೇ ಗಮನಿಸಿತು.