ಭೃತ್ಯಪರಿಹಾರ ವಿಚಾರ
(ಹೆಬ್ಬಾಳದ ವೀರಗಲ್ಲು ಮೊದಲ್ಗೊಂಡು ಕಾರ್ಖಾನೆಗಳ ಕಾಲದವರೆಗೆ)

ಸ್ವಾಮಿಯ ಕಾರ್ಯದಲ್ಲಿ ಭೃತ್ಯನು ಅಂಗಹೀನನಾದರೆ ಅಥವಾ ಮೃತನಾದರೆ ಅವನ ಕುಟುಂಬದ ಪೋಷಣೆಯ ಭಾರವು ಯಾರದು? ಈ ಪ್ರಶ್ನೆಯು ಯಂತ್ರಯುಗದಲ್ಲಿ ಹುಟ್ಟಿದುದೆಂದು ಅನೇಕರು ಭಾವಿಸುವರು. ಇದು ಸಮಂಜಸವಲ್ಲ. ಕನ್ನಡ ನಾಡಿನ ಶಾಸನಗಳಲ್ಲಿಯೂ ಸಂಸ್ಕೃತ ಗ್ರಂಥಗಳಲ್ಲಿಯೂ ಇದಕ್ಕೆ ಉತ್ತರವಿರುವುದು. ಆ ಉತ್ತರವು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು, ಕೆಲಸದ ಸ್ಥಳದ ಆಚಾರವು ಅದನ್ನು ಹೇಗೆ ಬಲಪಡಿಸುವುದು ಅಥವಾ ಕುಗ್ಗಿಸುವುದು ಎಂಬುದು ಇಲ್ಲಿ ವಿಚಾರಣೀಯವಾದ ಅಂಶ.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯನ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದುದು. ಕಾಲವು ಸುಮಾರು ಕ್ರಿ. ಶ. 750. ಬೆಂಗಳೂರು ನಗರದಲ್ಲಿ ಇದುವರೆಗೆ ದೊರೆತ ಕನ್ನಡ ಶಿಲಾಲೇಖಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದೆಂದು ಪರಿಗಣಿತವಾಗಿದೆ. ಈಗಿನ ಹೆಬ್ಬಾಳವು ಆಗ ಪೆರ್ಬೊಳಲು. ಅದರ ಹೆಸರಿನ ಮೂವತ್ತರ ನಾಡಿನ ಮೇಲೆ ರಟ್ಟವಾಡಿಯವರು ಎತ್ತಿಬಂದಾಗ ಕಿಟ್ಟಯನು ಹೋರಾಡಿ ಸ್ವರ್ಗಸ್ಥನಾದನೆಂಬುದು ಅದರ ಮುಖ್ಯಾರ್ಥ. ಅರಸನಲ್ಲದ ಒಬ್ಬ ಆಳಿನ ಹೆಸರು ಹನ್ನೆರಡು ಶತಮಾನಗಳಿಗೂ ಮಿಕ್ಕಿ ಉಳಿದುಬಂದಿರುವುದು ಗಮನಾರ್ಹವಾಗಿದೆ.

ಕೀರ್ತಿಯೊಡನೆ ಜೀವನೋಪಾಯವನ್ನೂ ಕೊಡುವ ಪದ್ಧತಿಯಿತ್ತು. ರಣದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ನೆತ್ತರುಗೊಡಗೆ ಎಂದು ಶಾಸನಗಳು ಕರೆಯುವುವು. ಶೌರ್ಯಕ್ಕಾಗಿ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ ಬಾಳ್ಗಚ್ಚು ಎಂದು ಹೆಸರು, ಕ್ರಿ. ಶ. 949ರ ಆತಕೂರು ಶಾಸನದಲ್ಲಿ ಬೂತುಗನು ಮಣಲೆರನಿಗೆ ಕೊಟ್ಟುದು ಇಂತಹುದೇ. ನಗರದ ದಕ್ಷಿಣಕ್ಕಿರುವ ಬೇಗೂರಿನ ಶಾಸನವು ಇನ್ನೂ ಸ್ಪಷ್ಟವಾಗಿದೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನು ಮಡಿದುದನ್ನು ಕೇಳಿ ಎರೆಯಪ್ಪನು ಇರುಗನಿಗೆ ನಾಗತ್ತರಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಊರುಗಳ ಹೆಸರುಗಳೂ ಅಲ್ಲಿ ಕಂಡರಿಸಲ್ಪಟ್ಟಿವೆ.

ಶಾಸ್ತ್ರಗ್ರಂಥಗಳು ಇದನ್ನು ಕೇವಲ ಪ್ರಸಾದವೆಂದು ಹೇಳುವುದಿಲ್ಲ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನಿಗೆ ಹಾಕುವ ಪ್ರಶ್ನೆಗಳಲ್ಲಿ, ನಿನಗಾಗಿ ಮಡಿದವರ ಮತ್ತು ವಿಪತ್ತಿಗೀಡಾದವರ ಪತ್ನಿಯರನ್ನು ಪೋಷಿಸುತ್ತಿರುವೆಯಷ್ಟೆ ಎಂಬ ಅರ್ಥದ್ದೂ ಒಂದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೆಲಸದಲ್ಲಿ ಮೃತರಾದವರ ಹೆಂಡಿರು ಮಕ್ಕಳಿಗೆ ಆ ಭಕ್ತವೇತನಗಳು ಸಲ್ಲತಕ್ಕವೆಂಬ ವಿಧಿಯಿದೆ. ಅಲ್ಲಿ ಶೌರ್ಯದ ಮಾತಿಲ್ಲ; ಕೆಲಸದಲ್ಲಿ ಸತ್ತುದೇ ಸಾಕು.

ಈ ಎರಡು ದೃಷ್ಟಿಗಳ ಭೇದವು ಮುಖ್ಯವಾದುದು. ವೀರಗಲ್ಲಿನ ಆಚಾರವು ಮಡಿದವನನ್ನು ಮರೆಯಲಿಲ್ಲ; ಇದು ಅದರ ಗುಣ. ಆದರೆ ಅಪಾಯವನ್ನೇ ಗೌರವಾಸ್ಪದವನ್ನಾಗಿ ಮಾಡಿತು. ಇದು ಅದರ ದೋಷ. ಎಲ್ಲಿ ಅಪಾಯಕ್ಕೆ ಹೆದರದಿರುವುದೇ ಪೌರುಷವೆನಿಸುವುದೋ ಅಲ್ಲಿ ಎಚ್ಚರಿಕೆಯು ಹೇಡಿತನವೆನಿಸುವುದು. ರಣರಂಗಕ್ಕೆ ಒಪ್ಪುವ ಈ ಭಾವನೆಯು ಕಮ್ಮಟಕ್ಕೆ ಇಳಿದರೆ ಅನರ್ಥವೇ ಸರಿ.

ಆಧುನಿಕ ಕಾಲದಲ್ಲಿ ಕೌಟಿಲ್ಯನ ದೃಷ್ಟಿಗೆ ಸಮೀಪವಾದುದು ಜರ್ಮನಿಯಲ್ಲಿ 1884ರಲ್ಲಿಯೂ ಇಂಗ್ಲೆಂಡಿನಲ್ಲಿ 1897ರಲ್ಲಿಯೂ ಶಾಸನರೂಪವನ್ನು ತಾಳಿತು. ಬ್ರಿಟಿಷ್ ಇಂಡಿಯಾದಲ್ಲಿ 1923ರ ಕಾರ್ಮಿಕ ಪರಿಹಾರ ಕಾಯಿದೆಯು ಬಂದಿತು. ಯಜಮಾನನ ತಪ್ಪನ್ನು ಸಾಧಿಸಬೇಕಾದ ಹೊರೆ ಕೂಲಿಯವನಿಗೆ ತಪ್ಪಿತು. ಅನಂತರ ಪರಿಷ್ಕೃತವಾದ ಅದರ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಸಂಪಾದನಶಕ್ತಿಯಲ್ಲಿ ನೂರಕ್ಕೆ 30, ತೋರುಬೆರಳು ಪೂರ್ಣವಾಗಿ ಹೋದರೆ 14 ನಷ್ಟವೆಂದು ಗಣನೆ. 1948ರ ರಾಜ್ಯವಿಮಾ ಕಾಯಿದೆಯ ವ್ಯವಸ್ಥೆಯು 1958ರಲ್ಲಿ ಬೆಂಗಳೂರಿಗೆ ಬಂದಿತು. ಕೆಲಸದ ಅವಧಿಯಲ್ಲಿ ಒದಗಿದ ಅಪಘಾತವು, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ, ಕೆಲಸದಿಂದಲೇ ಉಂಟಾದುದೆಂದು ಊಹಿಸತಕ್ಕದ್ದೆಂದು 1966ರ ತಿದ್ದುಪಡಿಯು ವಿಧಿಸಿತು. ಮುಂದೆ 2020ರ ಸಾಮಾಜಿಕ ಸುರಕ್ಷತಾ ಸಂಹಿತೆಯಲ್ಲಿ ಈ ವಿಷಯಗಳು ಒಂದುಗೂಡಿಸಲ್ಪಟ್ಟವು.

ಶಾಸನವೊಂದೇ ಸಾಲದು. 1923ರ ಕಾಯಿದೆಯ ಮೇರೆಗೆ, ರಕ್ಷಕ ಸಾಧನವನ್ನು ಬೇಕೆಂದೇ ತೆಗೆದುಹಾಕಿ ಗಾಯಗೊಂಡವನಿಗೆ ಪರಿಹಾರವು ತಪ್ಪಬಹುದಾಗಿತ್ತು; ಮರಣವು ಸಂಭವಿಸಿದರೆ ಈ ವಾದವು ನಿಲ್ಲದೆಂದು 1933ರಲ್ಲಿ ತಿದ್ದಲಾಯಿತು. ಒತ್ತುಯಂತ್ರದ ರಕ್ಷಕವನ್ನು ತೆಗೆದರೆ ಕೆಲಸವು ಬೇಗ ಸಾಗುವುದು. ಮೇಸ್ತ್ರಿಯು ನೋಡಿಯೂ ನೋಡದಂತಿದ್ದು, ಎಲ್ಲರೂ ಹಾಗೆಯೇ ಮಾಡುತ್ತಿದ್ದರೆ, ಬೆರಳು ಹೋದ ದಿನ ತಪ್ಪು ಯಾರದು? ಕೈಯು ಒಬ್ಬನದು, ಆಚಾರವು ಎಲ್ಲರದು. ಆಚಾರದ ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಯಶವಂತಪುರಕ್ಕೆ ಹೊಂದಿಕೊಂಡಂತೆ 1970ರ ದಶಕದಲ್ಲಿ ಬೆಳೆದ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆಗಳೇ ಹೆಚ್ಚು. ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲ್ವೆ ಗಾಲಿ ಮತ್ತು ಅಚ್ಚಿನ ಕಾರ್ಖಾನೆಯು ದೊಡ್ಡದು. 1976ರ ತಿದ್ದುಪಡಿಯು ಸಾವಿರ ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಿಗೆ ಸುರಕ್ಷತಾಧಿಕಾರಿಯನ್ನು ವಿಧಿಸಿತು. ಹತ್ತಿಪ್ಪತ್ತು ಮಂದಿಯ ಕಮ್ಮಟದಲ್ಲಿ ಆ ಅಧಿಕಾರಿಯ ಸ್ಥಾನದಲ್ಲಿರುವುದು ಅಲ್ಲಿನ ವಾಡಿಕೆಯೊಂದೇ. ಗಾಯವನ್ನು ತಿಳಿಸಿದವನಿಗೆ ನಾಳೆ ಕೆಲಸವಿಲ್ಲವೆಂಬ ಭಯವು ಇರುವಲ್ಲಿ ಗಾಯವು ಮನೆಯಲ್ಲಿಯೇ ಮಾಯುವುದು, ಲೆಕ್ಕಕ್ಕೆ ಬರುವುದಿಲ್ಲ. ಆದಕಾರಣ ಪರಿಹಾರದ ಅರ್ಜಿಗಳು ಕಡಮೆಯಾದ ಮಾತ್ರಕ್ಕೆ ಕಾರ್ಖಾನೆಯು ಸುರಕ್ಷಿತವೆಂದು ನಿರ್ಣಯಿಸಲಾಗದು. ಕೆಲವೆಡೆ ಅರ್ಜಿಗಳು ಹೆಚ್ಚಿದುದೇ ಭಯವು ಕಡಮೆಯಾದುದಕ್ಕೆ ಲಕ್ಷಣವಾಗಬಹುದು.

ಪೆರ್ಬೊಳಲಿನವರು ಮಡಿದವನ ಹೆಸರನ್ನು ಬಹಿರಂಗವಾಗಿ ಕಲ್ಲಿನಲ್ಲಿ ಕೊರೆಯಿಸಿದರು. ಈಗಿನ ಕಾಲಕ್ಕೆ ಬೇಕಾದುದು ಆ ಬಹಿರಂಗತೆಯೇ ಹೊರತು ಮರಣದ ಸ್ತುತಿಯಲ್ಲ. ಗಾಯವನ್ನು ಮುಚ್ಚದೆ ಬರೆದಿಡುವ ಆಚಾರವಿದ್ದಲ್ಲಿ ಮಾತ್ರ ಪರಿಹಾರವು ಗಾಯಗೊಂಡವನಿಗೆ ಮುಟ್ಟುವುದು, ಮುಂದಿನವನ ಕೈಯೂ ಉಳಿಯುವುದು.